ಮೂವತ್ತೊಂದನೇ ಮನೆ

ಮೊದಲ ಕಲ್ಲು ತಗಡಿನ ಮಾಡಿಗೆ ಬಿತ್ತು. ಎರಡನೆಯದು ಕಿಟಕಿ ಒಡೆದು ಒಳಗೆ ಬಂದು ನನ್ನ ಹುಬ್ಬಿಗೆ ಬಡಿಯಿತು.

ರಕ್ತ ಎಡಗಣ್ಣಿಗೆ ಇಳಿಯಿತು. ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಠಾಣೆಯ ಹೊರಗೆ ಮುನ್ನೂರು ಜನ, ಕೈಯಲ್ಲಿ ಮಚ್ಚು, ಗುದ್ದಲಿ. ಒಬ್ಬನ ಹೆಗಲ ಮೇಲೆ ಹಳೆಯ ಲಾರಿ ಟಯರು. ನಮ್ಮ ಮೊರುಕಾಟಿ ಊರಿನಲ್ಲಿ ಟಯರು ಹೊತ್ತು ಬಂದರೆಂದರೆ ಅದು ಯಾರದೋ ಕೊರಳಿಗೆ, ಇನ್ನೊಬ್ಬನ ಕೈಯಲ್ಲಿ ಸೀಮೆಎಣ್ಣೆ ಇದ್ದೇ ಇರುತ್ತದೆ.

ಕೊರಳು ಎತ್ಯಾಂಗನದು. ಬಾಡಿಗೆ ಬೈಕಿನವನು, ಕುಡುಕ, ಲಾಕಪ್ಪಿನ ಮೂಲೆಯಲ್ಲಿ ಮುದುಡಿ ಕೂತಿದ್ದ. ಶನಿವಾರ ಜೌಗಿನ ದಾರಿಯಲ್ಲಿ ಎಜೊಕು ಕುತ್ತಿಗೆಗೆ ಮಚ್ಚಿನೇಟು ಬಿದ್ದು ಸತ್ತಿದ್ದ. ಮನೆಮನೆಗೆ ಹೋಗಿ ಸಾವುನೋವುಗಳ ವಿವರ ಬರೆದುಕೊಳ್ಳುತ್ತಿದ್ದವನು ಅವನು. ಆ ಫಾರಂಗಳ ಚೀಲ ಕಾಣೆಯಾಗಿತ್ತು. ಎತ್ಯಾಂಗನ ಅಂಗಿಯ ತುಂಬ ಎಜೊಕುವಿನ ರಕ್ತವಿತ್ತು. ಊರಿಗೆ ಅಷ್ಟು ಸಾಕಾಗಿತ್ತು. ಅವನ ಗುಡಿಸಲು ಸುಟ್ಟರು, ಆಡುಗಳನ್ನು ಕಡಿದು ಹಾಕಿದರು. ಇನ್ನು ಉಳಿದವನು ಅವನೊಬ್ಬನೇ.

ಕಾನ್‌ಸ್ಟೇಬಲ್ ಎಸಬು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಹನ್ನೊಂದು ವರ್ಷದಿಂದ ನನ್ನ ಕೈಕೆಳಗೆ ಇರುವವನು. ನನ್ನ ಮಗಳ ಮದುವೆಯಲ್ಲಿ ಸೊಂಟ ಕಟ್ಟಿ ನಿಂತು ನೆಂಟರಿಗೆಲ್ಲ ಬಡಿಸಿದವನು.

"ಅಫಂದೆ, ಬಿಟ್ಕೊಟ್ಬಿಡಿ," ಅಂದ. ಪೊಲೀಸಿನಲ್ಲಿ ಮೇಲಿನವರನ್ನು ನಾವು ಹಾಗೇ ಕರೆಯುವುದು. "ಈ ಕುಡುಕನಿಗೋಸ್ಕರ ನಮ್ಮ ಮಕ್ಕಳು ಯಾಕೆ ಅನಾಥ ಆಗ್ಬೇಕು?"

"ಇನ್ನೊಂದ್ಸಲ ಹಾಗಂದ್ರೆ ನಿನ್ನನ್ನೂ ಅವನ ಪಕ್ಕ ಕೂರಿಸ್ತೀನಿ," ಅಂದೆ. ಅವನ ಕೈಯಿಂದ ಬಂದೂಕು ಕಿತ್ತುಕೊಂಡು ಜಗಲಿಗೆ ಹೋದೆ.

ಆಕಾಶಕ್ಕೆ ಎರಡು ಗುಂಡು ಹಾರಿಸಿದೆ. ಜನ ನಾಲ್ಕು ಹೆಜ್ಜೆ ಹಿಂದೆ ಸರಿದು ಐದು ಹೆಜ್ಜೆ ಮುಂದೆ ಬಂದರು. ಮೆಟ್ಟಿಲು ಹತ್ತಿದವನೊಬ್ಬ ಗುದ್ದಲಿ ಬೀಸಿದ. ಅದು ಕಂಬಕ್ಕೆ ಕಚ್ಚಿಕೊಂಡಿತು. ನಾನು ಬಂದೂಕು ತಿರುಗಿಸಿ ಹಿಡಿಯಿಂದ ಅವನ ಬಾಯಿಗೇ ಕೊಟ್ಟೆ. ಹಲ್ಲು ಮುರಿದ ಸದ್ದು ನನಗೂ ಕೇಳಿಸಿತು, ಅವನ ಹಿಂದಿದ್ದವರಿಗೂ ಕೇಳಿಸಿತು. ಅವನು ಕೆಳಗೆ ಬಿದ್ದು ಹೊರಳಾಡುವಾಗ ನನಗೆ ಪಾಪ ಅನ್ನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಚೇರ್ಮನ್ ಒಕಲೆಬೊ ಬಂದ. ಊರಿಗೆ ಅವನೇ ದೊಡ್ಡವನು, ಊರಿನ ಏಕೈಕ ಬಾರೂ ಅವನದೇ. ಜನರ ನಡುವೆ ದಾರಿ ಮಾಡಿಕೊಂಡು ಬಂದು ಕೈ ಎತ್ತಿದ, ಗದ್ದಲ ನಿಂತಿತು. ನನ್ನ ಎರಡು ಗುಂಡಿಗೆ ಆಗದ್ದು ಅವನ ಒಂದು ಕೈಗೆ ಆಯಿತಲ್ಲ ಎಂದು ಮೈ ಉರಿಯಿತು.

"ಮೊದ್ಲು ಎಜೊಕುಗೆ ಮಣ್ಣು ಹಾಕೋಣ. ಹೆಣ ಬಿಸಿಲಲ್ಲಿ ಕಾಯ್ತಾ ಇದೆ," ಅಂದ ಅವರಿಗೆ. "ಆಮೇಲೆ ಇವನೆಲ್ಲಿ ಓಡ್ತಾನೆ?" ನನ್ನ ಕಡೆ ತಿರುಗಿ ದನಿ ಇಳಿಸಿದ. "ಎರಡು ಗಂಟೆ ಟೈಮು ಕೊಡಿಸಿದೀನಿ. ಕೊನೇ ಹಿಡಿ ಮಣ್ಣು ಬಿದ್ಮೇಲೆ ಇವ್ರು ನನ್ನ ಮಾತೂ ಕೇಳಲ್ಲ."

ಜಿಲ್ಲಾ ಕೇಂದ್ರದಿಂದ ವ್ಯಾನು ಬರುವುದು ಸಂಜೆಗೆ. ಆಗ ಹಗಲು ಹನ್ನೆರಡು. ಎರಡು ಗಂಟೆಯೊಳಗೆ ನಿಜವಾದ ಕೊಲೆಗಾರನನ್ನು ಜನರ ಮುಂದೆ ನಿಲ್ಲಿಸದಿದ್ದರೆ ಎತ್ಯಾಂಗನನ್ನು ಜೀವಂತ ಸುಡುತ್ತಾರೆ, ಅಷ್ಟೇ.

ಅವನೇ ಕೊಂದಿದ್ದರೆ? ಆ ಯೋಚನೆಯೂ ಬಂತು. ಎತ್ಯಾಂಗ್ ಕುಡಿದು ಓಡಿಸಿ ಶಾಲೆಯ ಹುಡುಗಿಯೊಬ್ಬಳ ಕಾಲು ಮುರಿದಿದ್ದ. ಅದನ್ನು ಎಜೊಕು ಬರೆದುಕೊಂಡನೆಂದು ಬಾರಿನಲ್ಲಿ ಎಲ್ಲರೆದುರು ಕಡಿದು ಹಾಕುತ್ತೇನೆಂದು ಕೂಗಾಡಿದ್ದ. ಆದರೆ ಕೊಂದವನು ಹೆಣವನ್ನು ಬೈಕಿಗೆ ಏರಿಸಿಕೊಂಡು ಆಸ್ಪತ್ರೆಯ ಕಡೆಗೆ ಹೊರಡುವುದಿಲ್ಲ. ಅವನ ಬೈಕು ಹೆಣದ ಸಮೇತ ಬಿದ್ದಿದ್ದದ್ದು ಆಸ್ಪತ್ರೆಯ ದಾರಿಯಲ್ಲಿ.

ಲಾಕಪ್ಪಿನೊಳಗೆ ಹೋಗಿ ಎದುರಿಗೆ ಕೂತೆ. ಅವನಿಗೆ ಮಾತಾಡಲು ಆಗುತ್ತಿರಲಿಲ್ಲ. ಹಿಡಿಯುವಾಗ ಎಗರಾಡಿದನೆಂದು ಎಸಬು ಬಂದೂಕಿನ ಹಿಡಿಯಿಂದ ಕೊಟ್ಟ ಏಟಿಗೆ ದವಡೆ ಎರಡು ತುಂಡಾಗಿತ್ತು. ಬಾಯಿಯಿಂದ ರಕ್ತ ಮತ್ತು ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಬರೆದು ತೋರಿಸಲು ಅಕ್ಷರ ಬಾರದು.

ಯಾರು ಕೊಂದದ್ದೆಂದು ಕೇಳಿದೆ. ಅವನು ಅಂಗೈಯಿಂದ ಕಣ್ಣು ಮುಚ್ಚಿಕೊಂಡ. ಆಮೇಲೆ ಸೊಂಟವನ್ನು ಎರಡು ಸಲ ತಟ್ಟಿಕೊಂಡ. ಕೊನೆಗೆ ಎರಡೂ ಮಣಿಕಟ್ಟು ಜೋಡಿಸಿ ನನ್ನ ಮುಂದೆ ಹಿಡಿದ.

"ನಿನಗೆ ಕೋಳ ಹಾಕಿಲ್ವಲ್ಲೋ," ಅಂದೆ.

ಮತ್ತೆ ಅದನ್ನೇ ಮಾಡಿದ. ಕಣ್ಣು, ಸೊಂಟ, ಮಣಿಕಟ್ಟು. ಅಷ್ಟರಲ್ಲಿ ಎಸಬು ನೀರಿನ ಲೋಟ ಹಿಡಿದು ಒಳಗೆ ಬಂದ. ಎತ್ಯಾಂಗ್ ಗೋಡೆಯ ಕಡೆ ತಿರುಗಿ ತಲೆಯನ್ನು ಮೊಣಕಾಲಿನ ನಡುವೆ ಹುದುಗಿಸಿದ. ಹೊರಗಿನ ಟಯರು ಕಂಡು ಹೆದರಿದ್ದಾನೆ ಎಂದುಕೊಂಡೆ. ನನ್ನ ಬುದ್ಧಿಗೆ ಏನು ಹೇಳಲಿ.

ನನ್ನ ಕೋಣೆಯಲ್ಲಿ ಡಾಕ್ಟರ್ ನಾಲುಬೆಗ ಮೇಜಿನ ಕೆಳಗಿಂದ ಎದ್ದು ಗಾಜಿನ ಚೂರು ಕೊಡವಿಕೊಳ್ಳುತ್ತಿದ್ದರು. ರಾಜಧಾನಿ ಕಂಪಾಲದಿಂದ ಬಂದವರು, ಎಜೊಕುವನ್ನು ಈ ಕೆಲಸಕ್ಕೆ ಹಚ್ಚಿದವರು. ತಡೆಯಬಹುದಾದ ಕಾಯಿಲೆ, ಕಳ್ಳಭಟ್ಟಿ, ಕುಡಿದು ಓಡಿಸುವ ಬೈಕು, ಇವುಗಳಿಂದ ನಾಡಿಗೆ ಎಷ್ಟು ನಷ್ಟ ಎಂದು ಲೆಕ್ಕ ಹಾಕುವುದು ಅವರ ಕಸುಬು. ಮೂವತ್ತನಾಲ್ಕರ ಗಂಡಸು ಸತ್ತರೆ ಇಪ್ಪತ್ತಾರು ವರ್ಷದ ಉಳುಮೆ ಹೋಯಿತು. ಕಾಲು ಮುರಿದ ಹುಡುಗಿಯ ಪಕ್ಕ ತಾಯಿ ಕೂತರೆ ಆ ವರ್ಷದ ಕಳೆ ಕೀಳುವ ಕೆಲಸ ಹೋಯಿತು, ಕಡಲೆಕಾಯಿ ಹೋಯಿತು. ಎಲ್ಲಕ್ಕೂ ಒಂದೊಂದು ಸಂಖ್ಯೆ.

ಸತ್ತವರಿಗೆ ಬೆಲೆ ಕಟ್ಟಲು ನಿಮಗೆ ನಾಚಿಕೆಯಾಗುವುದಿಲ್ಲವೇ ಎಂದು ಮೊದಲ ದಿನವೇ ಅವರನ್ನು ಕೇಳಿದ್ದೆ.

"ಸತ್ತಿದ್ದಕ್ಕೆ ಬೆಲೆ ಕಟ್ಟೋದಲ್ಲ ಸಾರ್ಜೆಂಟ್. ಸಾಯ್ದೇ ಇರಬಹುದಿತ್ತಲ್ಲ, ಅದಕ್ಕೆ," ಅಂದಿದ್ದರು. "ಹನ್ನೊಂದು ಜನ ಸತ್ತರು ಅಂದ್ರೆ ರಾಜಧಾನೀಲಿ ಯಾರೂ ತಲೆ ಎತ್ತಲ್ಲ. ಇಷ್ಟು ನಷ್ಟ ಅಂತ ಬರೆದ್ರೆ ಎದ್ದು ಬರ್ತಾರೆ. ಯಾರಿಂದ ಅಂತ ಕೇಳ್ತಾರೆ."

ಆ ಪ್ರಶ್ನೆಗೆ ಹೆದರಿದವನೇ ಎಜೊಕುವನ್ನು ಕೊಂದಿದ್ದಾನೆ. ಅಷ್ಟು ನನಗೆ ಗೊತ್ತಿತ್ತು.

ಚೀಲ ಹೋಗಿದ್ದರೂ ಒಂದು ದಾಖಲೆ ಉಳಿದಿತ್ತು. ಎಜೊಕು ದಿನಾ ಸಂಜೆ ಫೋನಿನಲ್ಲಿ ಫಾರಂಗಳ ಉತ್ತರಗಳನ್ನು ಡಾಕ್ಟರಿಗೆ ಓದಿ ಹೇಳುತ್ತಿದ್ದ. ಹೆಸರಿಲ್ಲ, ಮನೆ ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರ ಮನೆ ಎಂಬ ನಕ್ಷೆಯನ್ನು ಅವನ ಹೆಂಡತಿಯಿಂದ ನಾನು ಬೆಳಿಗ್ಗೆ ತಂದಿದ್ದೆ. ಎರಡನ್ನೂ ಮೇಜಿನ ಮೇಲೆ ಹರಡಿದೆವು. ನನ್ನ ಹುಬ್ಬಿನ ರಕ್ತ ಒಂದೆರಡು ಹನಿ ಕಾಗದದ ಮೇಲೂ ಬಿತ್ತು.

ಹತ್ತು ಮನೆಗಳಲ್ಲಿ ಒಂದೇ ಕಥೆ. ಫೆಬ್ರವರಿಯ ನಂತರ ಸತ್ತವರು, ಎಲ್ಲರೂ ಕುಡಿದವರು. ಸಾಯುವ ಮುಂಚೆ ಕಣ್ಣು ಹೋಗಿತ್ತೇ? ಹೌದು. ಈ ಸಾವನ್ನು ತಡೆಯಬಹುದಿತ್ತೇ? ಹೌದು. ಇದು ಬಣ್ಣಕ್ಕೆ ಬೆರೆಸುವ ಸ್ಪಿರಿಟ್ಟು ಕುಡಿದವರ ಲಕ್ಷಣ ಎಂದು ಡಾಕ್ಟರು ಹೇಳಿದರು. ಅಂಥದ್ದನ್ನು ಜನವರಿಯಲ್ಲಿ ಒಂದು ಲಾರಿಯಿಂದ ಇಪ್ಪತ್ತು ಕ್ಯಾನು ಹಿಡಿದು, ಜೌಗಿಗೆ ಸುರಿಸಿ ನಾಶ ಮಾಡಿದ್ದೇವೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ.

ಗುರುವಾರ ಬರೆದ ಮೂವತ್ತೊಂದನೇ ಮನೆಯದು ಮಾತ್ರ ಬೇರೆ. ಕಣ್ಣು ಹೋಗಿತ್ತೇ? ಇಲ್ಲ. ಜ್ವರದಿಂದ ಸಾವು. ತಡೆಯಬಹುದಿತ್ತೇ? ಇಲ್ಲ.

ನಾನು ನಕ್ಷೆ ನೋಡಿದೆ. ಮೂವತ್ತೊಂದು, ಅಕಿತೆಂಗ್ ಎಂಬ ಮುದುಕಿಯ ಮನೆ. ಅವಳ ಮಗನನ್ನು ಮಾರ್ಚಿನಲ್ಲಿ ನಾನೇ ಕಂಡಿದ್ದೆ. ಹಾಡಹಗಲು ಠಾಣೆಯ ಬೇಲಿಗೆ ಎದೆಯಿಂದ ಹಾಯ್ದು, ಮುಳ್ಳುತಂತಿ ಹಿಡಿದುಕೊಂಡು, ಕತ್ತಲಾಯಿತೇ ಎಂದು ಕೇಳಿದ್ದ. ಅಂಗೈ ಹರಿದು ರಕ್ತ ಸುರಿಯುತ್ತಿದ್ದರೂ ತಂತಿ ಬಿಟ್ಟಿರಲಿಲ್ಲ. ಮರುದಿನ ಸತ್ತ.

"ಈ ಫಾರಂ ಸುಳ್ಳು," ಅಂದೆ.

ಡಾಕ್ಟರು ತಮ್ಮ ಪುಸ್ತಕ ತೆರೆದು ಶುಕ್ರವಾರದ ಸಾಲು ತೋರಿಸಿದರು. ಎಜೊಕು ಅಂದು ಫೋನು ಮಾಡಿ, ಮೂವತ್ತೊಂದನ್ನು ಹೊಡೆದು ಹಾಕಿ, ಮತ್ತೆ ಕೇಳಿಸುತ್ತೇನೆ ಎಂದಿದ್ದ. ಶನಿವಾರ ಅವನ ಕತ್ತು ಹೋಯಿತು.

ಆಗ ನನಗೆ ಹೊಳೆಯಿತು. ಅಕಿತೆಂಗ್ ಎಜೊಕುವಿನ ಅತ್ತೆ, ಹೆಂಡತಿಯ ತಾಯಿ.

ನಮ್ಮಲ್ಲಿ ಅಳಿಯ ಅತ್ತೆಯ ಅಂಗಳ ತುಳಿಯುವುದಿಲ್ಲ. ದಾರಿಯಲ್ಲಿ ಎದುರಾದರೆ ಇಬ್ಬರಲ್ಲೊಬ್ಬರು ಪೊದೆಗೆ ಸರಿಯುತ್ತಾರೆ. ಅಂಥವನು ಅವಳೆದುರು ಕೂತು ನಿನ್ನ ಮಗನಿಗೆ ಭೇದಿಯಾಯಿತೇ, ಮೂತ್ರದಲ್ಲಿ ರಕ್ತ ಹೋಯಿತೇ ಎಂದು ಕೇಳಲು ಸಾಧ್ಯವೇ ಇಲ್ಲ. ಕಂಪಾಲದ ಡಾಕ್ಟರಿಗೆ ಇದು ಹೊಳೆಯದಿದ್ದರೆ ಸರಿ, ಈ ಮಣ್ಣಿನವಳಾದ ನನಗೆ ಬೆಳಿಗ್ಗೆಯೇ ಹೊಳೆಯಬೇಕಿತ್ತು. ಆ ಫಾರಂ ತುಂಬಿದವನು ಬೇರೊಬ್ಬ. ಸುಳ್ಳು ಬರೆದವನೂ ಅವನೇ. ಅವನು ಯಾರೆಂದು ಅಕಿತೆಂಗ್ ಹೇಳಬಲ್ಲಳು.

ಅವಳು ಸಿಗುವುದು ಮೂರು ಮೈಲಿ ಆಚೆ, ಎಜೊಕುವಿನ ಮಣ್ಣಿನಲ್ಲಿ. ಹೊರಡುವ ಮುಂಚೆ ಲಾಕಪ್ಪಿನ ಕೀಲಿ ಡಾಕ್ಟರ ಕೈಗೆ ಕೊಟ್ಟೆ. ಎಸಬುವಿಗೆ ಬಂದೂಕು ವಾಪಸು ಕೊಟ್ಟು ಜಗಲಿಯಲ್ಲಿ ನಿಲ್ಲಿಸಿದೆ. ಜನ ನುಗ್ಗಿದರೆ ಮೊದಲು ತಡಕುವುದು ಅವನ ಜೇಬು, ಕೀಲಿ ಒಳಗಿರಲಿ ಎಂದೆ.

ಠಾಣೆಯ ಜೀಪು ತಿಂಗಳಿನಿಂದ ಕೆಟ್ಟಿತ್ತು. ಠಾಣೆಗೆ ತಂದಿಟ್ಟಿದ್ದ ಎತ್ಯಾಂಗನ ಬೈಕನ್ನೇ ಎಳೆದುಕೊಂಡೆ.

"ಹೆಲ್ಮೆಟ್ ಇಲ್ದೆ ಹೊರಟ್ರಾ?" ಡಾಕ್ಟರು ಕಿಟಕಿಯಿಂದ ಕೇಳಿದರು. "ನಿಮಗೂ ಒಂದು ಫಾರಂ ಎತ್ತಿಡ್ತೀನಿ."

ಎಜೊಕುವಿನ ಅಂಗಳದಲ್ಲಿ ಪಾದ್ರಿಯ ಮಾತು ನಡೆದಿತ್ತು. ಮಾವಿನ ಮರದ ಕೆಳಗೆ ಹೆಣದ ಪೆಟ್ಟಿಗೆ, ಹೊಸ ವಾರ್ನಿಷಿನ ವಾಸನೆ. ಕತ್ತು ಮುಚ್ಚಲು ಸುತ್ತಿದ್ದ ಬಿಳಿ ಬಟ್ಟೆಯಲ್ಲೂ ಕಂದು ಕಲೆ ಮೂಡಿತ್ತು. ಪೆಟ್ಟಿಗೆ ಕೊಟ್ಟವನು ಎಂದಿನಂತೆ ಚೇರ್ಮನ್. ನನ್ನ ತಲೆ ಅಲ್ಲೇ ಕೆಟ್ಟಿತು. ಅತ್ತೆಯನ್ನು ಹುಡುಕುವುದು ಬಿಟ್ಟು ಅವನನ್ನು ಮರದ ಹಿಂದಕ್ಕೆ ಕರೆದೆ.

"ಹನ್ನೆರಡನೇ ಪೆಟ್ಟಿಗೆ," ಅಂದೆ.

"ಹೌದು. ನಿಮ್ಮ ಅಳತೆಯೂ ತಗೊಳ್ಳಲಾ?"

"ಕಣ್ಣು ಹೋಗಿ ಸತ್ತ ಹನ್ನೊಂದು ಜನಕ್ಕೂ ನೀವೇ ಕೊಟ್ರಿ. ಊರಲ್ಲಿ ಬಾರಿರೋದೂ ನಿಮ್ಮೊಬ್ಬರದೇ. ಪಾಪಪ್ರಜ್ಞೆನಾ ಚೇರ್ಮನ್?"

ಅವನು ನನ್ನ ಕತ್ತಿನ ಪಟ್ಟಿ ಹಿಡಿದು ಮರಕ್ಕೆ ಒತ್ತಿದ. ಹೆಬ್ಬೆರಳು ಗಂಟಲಿನ ಗುಳಿಗೆ ಇಳಿಯಿತು. ಉಸಿರು ನಿಂತಿತು, ಹುಬ್ಬಿನ ಗಾಯ ಮತ್ತೆ ಬಿಚ್ಚಿಕೊಂಡಿತು. ನಾನು ಸೊಂಟದ ಪಿಸ್ತೂಲು ತೆಗೆದು ಅವನ ಪಕ್ಕೆಲುಬಿನ ಕೆಳಗೆ ತುರುಕಿದೆ. ಹತ್ತು ಮಾರು ಆಚೆ ಜನ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು. ಇಬ್ಬರೂ ಹಾಗೇ ನಿಂತೆವು.

"ನನ್ನ ತಮ್ಮನ ಮಗನೂ ಆ ಹನ್ನೊಂದರಲ್ಲಿ ಇದಾನೆ," ಅಂದ. ಕಣ್ಣಲ್ಲಿ ನೀರು ತುಂಬಿತ್ತು. "ಫೆಬ್ರವರಿಯಿಂದ ಯಾವನೋ ಅರ್ಧ ಬೆಲೆಗೆ ಮಾರ್ತಾ ಇದ್ದ. ಮೂರು ಸಲ ನಿಮ್ಮ ಠಾಣೆಗೆ ಬಂದು ದೂರು ಕೊಟ್ಟೆ. ನೀವು ಒಂದ್ಸಲನಾದ್ರೂ ಬಂದ್ರಾ? ನಾನು ಪೆಟ್ಟಿಗೆ ಕೊಟ್ಟೆ. ನೀವೇನು ಕೊಟ್ರಿ?"

ಹೆಬ್ಬೆರಳು ಸಡಿಲಾಯಿತು. ಠಾಣೆಯ ದೂರಿನ ಪುಸ್ತಕದಲ್ಲಿ ಅಂಥ ಒಂದು ಸಾಲೂ ಇರಲಿಲ್ಲ. ನಾನು ದಿನಾ ಓದುವ ಪುಸ್ತಕ ಅದು. ಪಿಸ್ತೂಲು ಒಳಗಿಟ್ಟೆ. ಅವನು ಮುಖ ಒರೆಸಿಕೊಂಡು ಗುಂಡಿಯ ಕಡೆಗೆ ನಡೆದ, ಪೆಟ್ಟಿಗೆ ಇಳಿಸುವ ಹೊತ್ತಾಗಿತ್ತು.

ಅಕಿತೆಂಗ್ ಜನರ ನಡುವೆ ಇರಲಿಲ್ಲ. ಅಳಿಯ ಸತ್ತರೂ ಅತ್ತೆ ಮುಖ ನೋಡಬಾರದು. ಕಣಜದ ಹಿಂದೆ, ಪೆಟ್ಟಿಗೆಗೆ ಬೆನ್ನು ಹಾಕಿ, ಕಾಲು ನೀಡಿ ಒಬ್ಬಳೇ ಕೂತಿದ್ದಳು. ಹತ್ತಿರ ಕೂತು ಟೊಟೊ ಎಂದೆ. ವಯಸ್ಸಾದ ಹೆಂಗಸರೆಲ್ಲ ನಮಗೆ ತಾಯಂದಿರೇ.

ಗುರುವಾರ ಎಜೊಕು ಬಂದು ಪ್ರಶ್ನೆ ಕೇಳಿದನೇ ಎಂದೆ. ಹುಚ್ಚು ಹಿಡಿದಿದೆಯೇ ಎನ್ನುವಂತೆ ನೋಡಿದಳು.

"ಹನ್ನೆರಡು ವರ್ಷ ನನ್ನ ಅಂಗಳಕ್ಕೆ ಕಾಲಿಡದ ಮನುಷ್ಯ. ಅವನು ಬಂದು ನನ್ನ ಮಗನ ಭೇದಿ ವಿಷಯ ಕೇಳ್ತಾನಾ? ನಿಮ್ಮವ್ವ ನಿನಗೆ ಏನೂ ಕಲಿಸಲಿಲ್ವಾ?"

"ಮತ್ತೆ ಯಾರು ಕೇಳಿದ್ದು ಟೊಟೊ?"

"ನಿನ್ನ ಪೊಲೀಸು. ಎಸಬು. ಕುಲದಲ್ಲಿ ಇಬ್ಬರೂ ಅಣ್ಣತಮ್ಮಂದಿರಲ್ವಾ, ನನ್ನ ಬದಲು ನೀನು ಹೋಗಿ ಕೇಳು ಅಂತ ಎಜೊಕು ಕಳಿಸಿದ್ನಂತೆ. ಎತ್ಯಾಂಗನ ಬೈಕಲ್ಲಿ ಬಂದ."

ಅವಳು ಹೇಳುತ್ತಾ ಹೋದಳು. ಮಗನಿಗೆ ಕಣ್ಣು ಹೋಗಿತ್ತೆಂದು ಬಿಡಿಸಿ ಹೇಳಿದ್ದಳಂತೆ. ಎಸಬು ತಲೆಯಾಡಿಸುತ್ತ ಬರೆದುಕೊಂಡನಂತೆ. ಹೊರಡುವಾಗ ಮೂಲೆಯ ಕ್ಯಾನು ಕಂಡು ಕೊಡು ಎಂದ, ಹೊಸದು ತಂದುಕೊಡುತ್ತೇನೆ ಎಂದ. ಮಗ ಕೊನೆಗೆ ಮನೆಗೆ ತಂದ ವಸ್ತು, ಕೊಡುವುದಿಲ್ಲ ಎಂದಳು. ಭಾನುವಾರ ಮತ್ತೆ ಬಂದು ಮನೆಯೆಲ್ಲ ಜಾಲಾಡಿದ. ಅಷ್ಟರಲ್ಲಿ ಅದನ್ನು ತನ್ನ ಮನೆಯ ಕಣಜದಲ್ಲಿ ಜೋಳದ ಕೆಳಗೆ ಹೂತಿದ್ದಳು.

"ಎಲ್ಲಿದೆ ಈಗ?"

ಸಾವಿನ ಮನೆಗೆ ನೀರು ಹೊತ್ತು ತರುವುದು ಹೆಂಗಸರ ರೂಢಿ. ಮುದುಕಿ ಪಕ್ಕಕ್ಕೆ ಸರಿದಳು. ಅವಳ ಬೆನ್ನ ಹಿಂದೆ ನೀಲಿ ಕ್ಯಾನು, ಬಾಯಿಗೆ ಬಾಳೆಲೆಯ ಬಿರಡೆ. ನೀರು ಸೋರಿ ಮಣ್ಣು ಒದ್ದೆಯಾಗಿತ್ತು. ಕ್ಯಾನನ್ನು ತಿರುಗಿಸಿದೆ.

ಬಿಳಿ ಬಣ್ಣದಲ್ಲಿ ಹದಿನಾಲ್ಕು ಎಂದು ಬರೆದಿತ್ತು. ಪಕ್ಕದಲ್ಲಿ ನಮ್ಮ ಠಾಣೆಯ ಗುರುತು.

ಜನವರಿಯಲ್ಲಿ ಲಾರಿಯಿಂದ ಇಳಿಸಿದ ಇಪ್ಪತ್ತು ಕ್ಯಾನುಗಳಿಗೆ ಸಂಖ್ಯೆ ಬರೆದವನು ಎಸಬು. ಬಣ್ಣದ ಡಬ್ಬಿ ಹಿಡಿದು ಪಕ್ಕ ನಿಂತವಳು ನಾನು. ಕೋರ್ಟಿನ ಆದೇಶ ಬಂದಾಗ ಜೌಗಿಗೆ ಸುರಿದು ಬಾ ಎಂದು ಅವನನ್ನೇ ಕಳಿಸಿದೆ. ಇಪ್ಪತ್ತನ್ನೂ ನನ್ನ ಕಣ್ಣೆದುರು ನಾಶ ಮಾಡಲಾಯಿತು ಎಂಬ ಕಾಗದವನ್ನು ಸಂಜೆ ತಂದ. ಬಿಸಿಲಿತ್ತು, ಜೌಗಿನ ತನಕ ನಡೆಯಲು ನನಗೆ ಬೇಸರವಾಗಿತ್ತು. ಹೋಗಿ ನೋಡದೆ ಸಹಿ ಹಾಕಿದ್ದೆ.

ಕಣ್ಣು. ಸೊಂಟದ ಬೆಲ್ಟು. ಕೋಳ. ಕಣ್ಣು ಕಿತ್ತ ಸ್ಪಿರಿಟ್ಟು ಮಾರಿದವನು ಪೊಲೀಸು ಎಂದು ಎತ್ಯಾಂಗ್ ಎರಡೆರಡು ಸಲ ಹೇಳಿದ್ದ. ಮೂವತ್ತೊಂದನೇ ಮನೆಗೆ ಎಸಬು ಹೋದದ್ದನ್ನು ಈ ಮುದುಕಿ ಬಿಟ್ಟರೆ ಕಂಡವನು ಅವನೊಬ್ಬನೇ. ಅದಕ್ಕೇ ಅವನ ದವಡೆ ಮುರಿದದ್ದು.

ಫೋನು ತೆಗೆದು ಡಾಕ್ಟರಿಗೆ ಹಚ್ಚಿದೆ. ಆ ಕಡೆ ಹಣ್ಣು ಕಡಿಯುತ್ತಿದ್ದಾರೋ ಏನೋ, ಸಾವಧಾನವಾಗಿ ಹಲೋ ಅಂದರು.

"ಡಾಕ್ಟ್ರೇ, ಕೀಲಿ ಎಸಬುಗೆ ಕೊಡಬೇಡಿ. ಒಳಗಿಂದ ಚಿಲಕ ಹಾಕ್ಕೊಳ್ಳಿ."

"ಈಗ ತಾನೇ ಕೊಟ್ಟೆನಲ್ಲ," ಅಂದರು. "ಹಿಂಬಾಗಿಲಿಂದ ಕರ್ಕೊಂಡು ಹೋಗಿ ಜೌಗಲ್ಲಿ ಬಚ್ಚಿಡೋಕೆ ನೀವೇ ಫೋನು ಮಾಡಿ ಹೇಳಿದ್ರಂತೆ. ಎತ್ಯಾಂಗ್ ಯಾಕೋ ಕಂಬಿ ಬಿಡ್ತಾ ಇರ್ಲಿಲ್ಲ. ಬೆರಳು ಬಿಡಿಸೋಕೆ ನಾನೂ ಕೈ ಹಾಕಿದೆ."

ಕಣಜದ ಆಚೆ ಕೊನೆಯ ಹಿಡಿ ಮಣ್ಣು ಬಿತ್ತು. ಹಾಡು ನಿಂತಿತು. ಮುನ್ನೂರು ಜನ ಒಟ್ಟಿಗೆ ಎದ್ದು ರಸ್ತೆಯ ಕಡೆ ತಿರುಗಿದರು, ಟಯರಿನವನು ಮುಂದೆ.

ಬೈಕಿನ ಕಡೆಗೆ ಓಡಿದೆ. ಒದ್ದೆ, ಒದ್ದೆ, ಮೂರನೇ ಒದೆತಕ್ಕೆ ಅದು ಕೆಮ್ಮಿ ಎದ್ದಿತು. ಅಷ್ಟರಲ್ಲಿ ಜೌಗಿನ ಕಡೆಯಿಂದ ಒಂದು ಗುಂಡಿನ ಸದ್ದು ಬಂತು. ಕೊಕ್ಕರೆಗಳು ಗುಂಪಾಗಿ ಮೇಲೆದ್ದವು.

ಡಾಕ್ಟರ ಫಾರಮಿನ ಕೊನೆಯ ಎರಡು ಪ್ರಶ್ನೆಗಳು ನನಗೆ ಬಾಯಿಪಾಠವಾಗಿದ್ದವು. ಈ ಸಾವನ್ನು ತಡೆಯಬಹುದಿತ್ತೇ? ಯಾರು ತಡೆಯಬೇಕಿತ್ತು? ಎರಡನೆಯದರ ಮುಂದೆ ಬರೆಯಬೇಕಾದ ಹೆಸರು ನನ್ನದು. ಇಪ್ಪತ್ತು ಕ್ಯಾನುಗಳ ಕಾಗದದ ಕೆಳಗೆ ಅದು ಆಗಲೇ ಇದೆ, ನನ್ನದೇ ಕೈಬರಹದಲ್ಲಿ, ಸಾರ್ಜೆಂಟ್ ಅಗುಟಿ ಎಂದು.

ಎರಡನೆಯ ಗುಂಡಿನ ಸದ್ದು ಮೊದಲನೆಯದಕ್ಕಿಂತ ಹತ್ತಿರದಿಂದ ಬಂತು. ಅಂದರೆ ಎತ್ಯಾಂಗ್ ಇನ್ನೂ ಓಡುತ್ತಿದ್ದ, ನಮ್ಮ ಕಡೆಗೇ.